ಹೂವಿನ ಮಡಿಯಲ್ಲಿದ್ದ ಎಡೆಕುಂಟೆ

ವರ್ಲೀನ್ ಹೋಫ್‌ಸ್ಟ್ರಾಳ ಗಂಡ ಗೇಲನ್ ತೀರಿಕೊಂಡದ್ದು ಫೆಬ್ರವರಿಯಲ್ಲಿ. ಅಯೋವಾದ ನೆಲ ಆಗ ಕಬ್ಬಿಣ. ಗುಂಡಿ ತೋಡಲು ಯಂತ್ರ ತರಿಸಬೇಕಾಯಿತು. ಯಂತ್ರದ ಹಲ್ಲು ನೆಲಕ್ಕೆ ಬಡಿಯುವ ಸದ್ದು ಕೇಳುತ್ತ ನಿಂತವಳು, "ಬದುಕಿದ್ದಾಗ ಹದ ನೋಡದೆ ಒಂದು ದಿನವೂ ನೆಲ ಮುಟ್ಟಿದವನಲ್ಲ. ಹೋಗುವಾಗ ಮಾತ್ರ ನೋಡಲಿಲ್ಲ" ಎಂದಳು. ಪಾದ್ರಿಗಳು ಕೆಮ್ಮಿದರು. ಅವಳು ಅಳಲಿಲ್ಲ. ಚಳಿಗೆ ಮೂಗು ಸೋರುತ್ತಿತ್ತು, ಅಷ್ಟೆ ಎಂದು ಆಮೇಲೆ ಹೇಳಿದಳು.

ಮಣ್ಣು ಮುಗಿಸಿ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಇಳಿದರು. ಹಂದಿಮಾಂಸ ಇಟ್ಟ ಬನ್ನು, ಆಲೂಗಡ್ಡೆ ಪಲ್ಯ, ಕಾಫಿ. ಮೈದುನ ಹಾರ್ಲನ್ ತಟ್ಟೆ ಹಿಡಿದು ಎದುರಿಗೆ ಬಂದು ಕೂತ. ಅವನ ಹೆಂಡತಿ ಟ್ವೈಲಾ ಕಾಫಿ ಹಂಡೆಯ ಹತ್ತಿರ ನಿಂತು ಇತ್ತಲೇ ಕಿವಿ ಇಟ್ಟಿದ್ದಳು.

"ರಸ್ತೆ ಬದಿ ಎಂಬತ್ತೆಕರೆ ಈ ಸಲದಿಂದ ನಾನೇ ಬಿತ್ತಿಬಿಡ್ತೀನಿ ವರ್ಲೀನ್. ನಿನಗ್ಯಾಕೆ ಆ ತಾಪತ್ರಯ" ಎಂದ ಹಾರ್ಲನ್.

"ಬನ್ ತಿನ್ನು. ಒಣಗುತ್ತೆ."

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ನನ್ನ ಒಳ್ಳೇದನ್ನ ಮಣ್ಣು ಮಾಡಿ ಇನ್ನೂ ಗಂಟೆ ಆಗಿಲ್ಲ ಹಾರ್ಲನ್."

ಅವನು ಬನ್ನು ಕಚ್ಚಿದ. ಆದರೆ ಮಾತು ಬಿಡಲಿಲ್ಲ. ಹೊಲ ಅಪ್ಪನ ಕಾಲದ್ದು. ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲೂ ಇತ್ತು. ಹಳ್ಳದ ಆಚೆಯದನ್ನು ಹಾರ್ಲನ್ ಮಾಡುತ್ತಿದ್ದ, ಈಚೆಯದನ್ನು ಗೇಲನ್. ಈಗ ಹಾರ್ಲನ್ ಬೇಡ ಎಂದರೆ ಅವಳು ಬಿತ್ತುವಂತಿಲ್ಲ. ಅದು ಇಬ್ಬರಿಗೂ ಗೊತ್ತು. ಕೊನೆಗೆ ಅವನೇ ಒಂದು ದಾರಿ ತೆಗೆದ.

"ಜುಲೈ ನಾಲ್ಕರ ಹಬ್ಬದವರೆಗೆ ನೋಡೋಣ. ಅಷ್ಟರಲ್ಲಿ ನಿನ್ನ ಮುಸುಕಿನ ಜೋಳ ನೆಟ್ಟಗೆ ನಿಂತಿದ್ರೆ ಹೊಲ ನಿನ್ನ ಕೈಲೇ ಇರ್ಲಿ. ಇಲ್ಲಾಂದ್ರೆ ಮುಂದಿನ ವರ್ಷದಿಂದ ನನ್ನ ಕೂರಿಗೆ."

ವರ್ಲೀನ್ ಕೈ ಚಾಚಿದಳು. ಅಲ್ಲಿ ಕೈ ಕುಲುಕಿದರೆ ಮುಗಿಯಿತು, ಕಾಗದ ಪತ್ರ ಎಲ್ಲ ಪಟ್ಟಣದವರ ಚಟ.

ಹೊಲದ ಕೆಲಸ ಅವಳಿಗೆ ಹೊಸದಲ್ಲ. ಉತ್ತಿದ್ದಳು, ಕಾಳು ಸಾಗಿಸಿದ್ದಳು, ಯಂತ್ರದ ಅಡಿ ಮಲಗಿ ಎಣ್ಣೆ ಬದಲಿಸಿದ್ದಳು. ಬಿತ್ತುವಾಗ ಮಾತ್ರ ಗೇಲನ್ ಟ್ರ್ಯಾಕ್ಟರಿನ ಸೀಟು ಬಿಟ್ಟುಕೊಟ್ಟವನಲ್ಲ. "ಸಾಲು ಡೊಂಕಾದ್ರೆ ಊರೆಲ್ಲ ನೋಡುತ್ತೆ ಕಣೆ" ಎನ್ನುತ್ತಿದ್ದ. ನೋಡುತ್ತಿತ್ತು ಕೂಡ. ಆ ಸೀಮೆಯ ಗಂಡಸರಿಗೆ ಭಾನುವಾರ ಪೂಜೆ ಮುಗಿದ ಮೇಲೆ ಒಂದೇ ಕೆಲಸ. ಪಿಕಪ್ ಹತ್ತಿ, ಎತ್ತಿನ ಗಾಡಿಯಷ್ಟು ನಿಧಾನಕ್ಕೆ ಬಿಟ್ಟುಕೊಂಡು, ಕಂಡವರ ಹೊಲಕ್ಕೆಲ್ಲ ಕಣ್ಣು ಹಾಕುವುದು. ಎದುರಿಗೆ ಸಿಕ್ಕವರಿಗೆ ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತುವುದು. ಆಮೇಲೆ ಸಹಕಾರಿ ಗೋದಾಮಿನ ಕಾಫಿ ಮೇಜಿಗೆ ಬಂದು ಎತ್ತಿ ಆಡುವುದು.

ಆ ಕಾಫಿ ಮೇಜಿನ ಹಿಂದಿನ ಗೋಡೆಯಲ್ಲಿ ಒಂದು ಮೊಳೆ ಇತ್ತು. ಯಾರು ಎಲ್ಲರಿಗಿಂತ ಮೊದಲು ಜೋಳದ ಬಿತ್ತನೆ ಮುಗಿಸುತ್ತಾರೋ ಅವರ ಟೋಪಿ ಅದಕ್ಕೆ. ಮುಂದಿನ ವಸಂತದವರೆಗೆ ಅಲ್ಲೇ. ಅಂಚಿಗೆ ಬೆವರಿನ ಬಿಳಿ ಬರೆ ಬಿದ್ದ ಗೇಲನ್ನನ ಹಸಿರು ಟೋಪಿ ಅಲ್ಲಿ ತೂಗುತ್ತಿತ್ತು. ಮಾರ್ಚಿನಲ್ಲಿ ಬೀಜದ ಚೀಲ ತರಲು ಹೋದಾಗ ವರ್ಲೀನ್ ಅದನ್ನು ನೋಡುತ್ತ ನಿಂತಳು. ಮೇಜಿನಲ್ಲಿದ್ದ ನೆರೆಯ ಎಲ್‌ರಾಯ್ ಎದ್ದ.

"ಇಳಿಸಿ ಕೊಡ್ಲಾ? ಮನೇಲಿ ಇಟ್ಕೋಬಹುದು."

"ಬೇಡ. ಅಲ್ಲೇ ಇರ್ಲಿ."

"ಹಾರ್ಲನ್ ಈ ಸಲ ತನ್ನದು ಹಾಕ್ತೀನಿ ಅಂತಿದಾನೆ."

"ಅವನ ತಲೆ ದೊಡ್ಡದು. ಮೊಳೆ ತಡೆಯಲ್ಲ" ಎಂದು ಚೀಲ ಹೊತ್ತು ಹೊರಟಳು. ಮೇಜಿನವರು ನಕ್ಕರು. ಅವಳು ಪಿಕಪ್ಪಿನಲ್ಲಿ ಕೂತು ಬಹಳ ಹೊತ್ತು ಬೀಗದ ಕೈ ತಿರುಗಿಸಲಿಲ್ಲ.

ಏಪ್ರಿಲ್ ಪೂರ್ತಿ ಮಳೆ. ತಿಂಗಳ ಕೊನೆಗೆ ಬಿಸಿಲು ಬಿತ್ತು. ಹೊಲದ ಮೇಲ್ಮೈ ಬೆಳ್ಳಗಾಯಿತು, ಒಳಗೆ ನಾದಿದ ಹಿಟ್ಟು. ಗೇಲನ್ನನ ಲೆಕ್ಕ ಸರಳ. ಒಂದು ಮುಷ್ಟಿ ಮಣ್ಣು ಹಿಂಡಿ ಹೆಬ್ಬೆರಳಿನಿಂದ ಒತ್ತಬೇಕು. ಉದುರಿದರೆ ಬಿತ್ತನೆಗೆ ಇಳಿ. ನಾಲಗೆಯಂತೆ ಉದ್ದಕ್ಕೆ ಹೊರಬಂದರೆ ಮನೆಗೆ ಹೋಗಿ ಕಾಫಿ ಕುಡಿ. ವರ್ಲೀನ್ ಹಿಂಡಿದಳು, ಒತ್ತಿದಳು. ನಾಲಗೆ ಬಂತು. ಅವಳನ್ನೇ ಅಣಕಿಸುವಂತೆ ಉದ್ದ ಬಂತು.

ತಲೆ ಎತ್ತಿದಳು. ಹಳ್ಳದ ಆಚೆ ಹಾರ್ಲನ್ ಕೂರಿಗೆಗೆ ಗ್ರೀಸ್ ಹಚ್ಚುತ್ತಿದ್ದ.

ಆ ನಾಲಗೆಯನ್ನು ಬೂಟಿನಡಿ ತುಳಿದು ಟ್ರ್ಯಾಕ್ಟರ್ ಹತ್ತಿದಳು.

ಕೂರಿಗೆಯ ತಟ್ಟೆಗಳು ಹಸಿ ನೆಲವನ್ನು ಬೆಣ್ಣೆಯಂತೆ ಕೊಯ್ದವು. ಸಾಲಿನ ಎರಡೂ ಗೋಡೆ ಕುಂಬಾರ ತಟ್ಟಿ ನೇವರಿಸಿದ ಹಾಗೆ ನುಣ್ಣಗಾದವು. ಹಿಂದಿನ ಚಕ್ರ ಒತ್ತಿದರೂ ಬಾಯಿ ಸರಿಯಾಗಿ ಮುಚ್ಚಲಿಲ್ಲ. ಅವಳು ಹಿಂದೆ ತಿರುಗಿ ನೋಡಿದಳು, ನೋಡಲಿಲ್ಲ ಎಂದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹಳ್ಳದ ಆಚೆಯಿಂದಲೂ ಎಂಜಿನ್ ಸದ್ದು ಬಂತು. ಅವಳು ಊಟ ಬಿಟ್ಟಳು. ಅವನೂ ಬಿಟ್ಟಿರಬೇಕು.

ಅವಳೇ ಮೊದಲು ಮುಗಿಸಿದಳು. ಮೈಯೆಲ್ಲ ಕೆಸರಾಗಿ ಗೋದಾಮಿಗೆ ಹೋಗಿ, "ಆ ಟೋಪಿ ಹಾಗೇ ಇರ್ಲಿ, ನಮ್ಮನೇದೇ" ಎಂದಳು. ಎಲ್‌ರಾಯ್ ಮೇಜು ಬಡಿದ. ಹಾರ್ಲನ್ ಕಾಫಿಯೊಳಗೆ ನೋಡುತ್ತ ಕೂತ.

ಮೇ ತಿಂಗಳಲ್ಲಿ ಅವಳ ಜೋಳ ಗಿಳಿಹಸಿರಾಗಿ ಎದ್ದಿತು. ಸಾಲು ಅಷ್ಟೇನೂ ಡೊಂಕಿರಲಿಲ್ಲ. ಪಿಕಪ್ಪುಗಳು ನಿಧಾನವಾಗಿ ಹೋದವು, ಬೆರಳುಗಳು ಎದ್ದವು. ಒಬ್ಬರಂತೂ ಎರಡು ಬೆರಳು ಎತ್ತಿದರು. ವರ್ಲೀನ್ ಬಾಗಿಲಲ್ಲಿ ನಿಂತು ಊರಿಗೆ ಊರೇ ತನ್ನ ಹೊಲ ನೋಡುವುದನ್ನು ನೋಡಿದಳು. ಅಡುಗೆಮನೆಗೆ ತಿರುಗಿ "ನೋಡಿದೆಯಾ?" ಎಂದಳು. ಅಲ್ಲಿ ಯಾರೂ ಇರಲಿಲ್ಲ. ಒಲೆ ಮೇಲಿದ್ದ ಹಾಲು ಉಕ್ಕಿತು.

ಮಳೆ ಮಾತ್ರ ಅಲ್ಲಿಗೇ ನಿಂತಿತು. ಬಿಸಿಲು, ಮೇಲೆ ಒಣ ಗಾಳಿ. ಜೂನ್ ಮೊದಲ ಶನಿವಾರ ಗಾಳಿ ಇನ್ನಷ್ಟು ಎದ್ದಿತು. ಸಂಜೆಗೆ ಅವಳು ಹೊರಗೆ ಬಂದು ನೋಡಿದರೆ ರಸ್ತೆ ಬದಿಯ ಜೋಳವೆಲ್ಲ ಕುಡಿದು ಬಂದ ನೆಂಟರ ಹಾಗೆ ಒಂದರ ಮೇಲೊಂದು ಬಿದ್ದಿತ್ತು.

ಗೇಲನ್ನನ ಚಾಕುವಿನಿಂದ ಒಂದು ಗಿಡದ ಬುಡ ಕೆದಕಿದಳು. ಕೆಳಗೆ ಬೀಜದಿಂದ ಇಳಿದ ಒಂದು ದಾರದಂಥ ಬೇರು, ಅಷ್ಟೆ. ಅದರ ಮೇಲೆ ಬುಡದ ಸುತ್ತ ಹರಡಿ ಗಿಡವನ್ನು ಹಿಡಿದು ನಿಲ್ಲಿಸಬೇಕಾದ ದಪ್ಪ ಬೇರುಗಳು ಹಂದಿಮರಿಯ ಹಲ್ಲಿನಷ್ಟು ಬಂದು ಮೊಂಡಾಗಿದ್ದವು. ಒಣಗಿದ ಗೋಡೆಗೆ ಮೂಗು ತಾಗಿಸಿ ಹಿಂದಕ್ಕೆ ತಿರುಗಿದ್ದವು. ಅವಳು ಬೆರಳಿನಿಂದ ಆ ಗೋಡೆ ತಟ್ಟಿದಳು. ಠಣ್ ಎಂದಿತು. ಕೆಸರಲ್ಲಿ ಬಿತ್ತಿದ್ದು ಬಿಸಿಲಲ್ಲಿ ಬೆಂದು ಮಡಕೆಯಾಗಿತ್ತು.

"ಗೊತ್ತಿತ್ತು ಕಣೋ" ಎಂದಳು ಚಾಕುವಿಗೆ. "ಬಾಯಿ ಮುಚ್ಚು."

ಮಾರನೆಯ ದಿನ ಭಾನುವಾರ. ಪೂಜೆ ಮುಗಿದರೆ ಪಿಕಪ್ಪುಗಳು ಹೊರಡುತ್ತವೆ. ಬೆಳಗ್ಗೆಯೇ ಅವಳು ಕೊಟ್ಟಿಗೆಯಲ್ಲಿದ್ದ ಕಾಳಿನ ಬಂಡಿಗಳನ್ನು, ಹುಲ್ಲಿನ ಬಂಡಿಗಳನ್ನು ಒಂದೊಂದಾಗಿ ಎಳೆದು ತಂದು ರಸ್ತೆಯ ಉದ್ದಕ್ಕೆ ಸಾಲಾಗಿ ನಿಲ್ಲಿಸಿದಳು. ಸಂದಿ ಉಳಿದಲ್ಲಿ ಕೊಯ್ಲಿನ ಯಂತ್ರ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ಇವಳು ಊರಿನ ಕಣ್ಣು ಮುಚ್ಚಲು ಹೊರಟಿದ್ದಳು. ಅದೇ ಹೊತ್ತಿಗೆ ಎಲ್‌ರಾಯ್‌ನ ಪಿಕಪ್ ಬಂದು ನಿಂತಿತು.

"ಏನಿದು ವರ್ಲೀನ್? ಜೂನ್‌ನಲ್ಲೇ ಕೊಯ್ಲಾ?"

"ಇಲಿ ಗೂಡು ಕಟ್ಟಿವೆ. ಬಿಸಿಲಿಗೆ ಹಾಕಿದೀನಿ."

"ಬಂಡಿಗೂ ಇಲಿನಾ?"

"ನೆಂಟರಿಷ್ಟರು ಎಲ್ಲ ಕಡೆ ಇರ್ತಾರೆ."

ಎಲ್‌ರಾಯ್ ಇಳಿದು ಬಂದ. ಅವಳು ಅವನಿಗೂ ಜೋಳಕ್ಕೂ ನಡುವೆ ಹೋಗಿ ನಿಂತಳು. ಅವನು ಜೋಳದ ಕಡೆ ನೋಡಲಿಲ್ಲ. ಬಂಡಿಯ ಚಕ್ರ ಒದ್ದು ನೋಡಿದ. "ಈ ಕೆಂಪು ಬಂಡಿ ಮಾರಾಟಕ್ಕಿದೆಯಾ?"

"ಇಲ್ಲ."

"ರಸ್ತೇಲಿ ನಿಲ್ಲಿಸಿದ್ರೆ ಮಾರಾಟಕ್ಕೆ ಅಂತ ತಾನೆ ಅರ್ಥ?"

"ನೀನೂ ದಿನಾ ಗೋದಾಮಿನ ಬಾಗಿಲಲ್ಲಿ ನಿಂತಿರ್ತೀಯ. ನಿನ್ನನ್ನ ಮಾರ್ತಿದಾರಾ?"

"ಯಾರೂ ಕೇಳಿಲ್ಲ ಇದುವರೆಗೆ" ಎಂದು ನಗುತ್ತ ಹೋದ. ಅವಳು ಬಂಡಿಗೆ ಒರಗಿ ಉಸಿರು ಬಿಟ್ಟಳು. ಬಂಡಿಗಳನ್ನು ಜುಲೈವರೆಗೆ ನಿಲ್ಲಿಸಿದರೂ ಜುಲೈ ನಾಲ್ಕಕ್ಕೆ ಹಾರ್ಲನ್ ಹೊಲದೊಳಗೇ ಕಾಲಿಡುತ್ತಾನೆ. ಬುಡಕ್ಕೆ ಮಣ್ಣು ಏರಿಸಬೇಕು. ತಂಪು ಮಣ್ಣು ಸಿಕ್ಕಿದರೆ ಹೊಸ ಬೇರು ಹೊರಟೀತು. ಅದಕ್ಕೆ ಎಡೆಕುಂಟೆ ಹೊಡೆಯಬೇಕು. ಆದರೆ ಕಳೆಗೆ ಔಷಧ ಬಂದ ಮೇಲೆ ಎಡೆಕುಂಟೆ ಯಾರ ಮನೆಯಲ್ಲಿದೆ? ಎಲ್ಲ ಗುಜರಿಗೆ ಹೋದವು. ಉಳಿದದ್ದು ಒಂದೇ. ಮಾವನ ಕಾಲದ ಆರು ಸಾಲಿನದು. ಅದು ಹಾರ್ಲನ್ನನ ಮನೆಯ ಮುಂದೆ, ಟ್ವೈಲಾಳ ಪೆಟೂನಿಯಾ ಹೂವಿನ ನಡುವೆ ಅಲಂಕಾರಕ್ಕೆ ಕೂತಿತ್ತು.

ಅಂದು ಮಧ್ಯಾಹ್ನವೇ ವರ್ಲೀನ್ ಕಡುಬಿನಂಥ ಸಿಹಿ ಹಣ್ಣಿನ ಪೈ ಮಾಡಿಕೊಂಡು ಓರಗಿತ್ತಿಯ ಮನೆಗೆ ಹೋದಳು. ಹಾರ್ಲನ್ ಇರಲಿಲ್ಲ. ಊಟ ಬಿಟ್ಟು ಹಳ್ಳದ ಕಡೆ ಹೋಗಿದ್ದಾನಂತೆ.

"ಟ್ವೈಲಾ, ನಿನ್ನ ಎಡೆಕುಂಟೆ ತುಕ್ಕು ಹಿಡಿದು ಹೋಗಿದೆ. ಜುಲೈ ನಾಲ್ಕಕ್ಕೆ ಚೆಂದ ಕಾಣೋ ಹಾಗೆ ಬಣ್ಣ ಹೊಡೆದು ಕೊಡ್ತೀನಿ."

ಟ್ವೈಲಾ ಪೈ ನೋಡಿದಳು, ವರ್ಲೀನಳನ್ನು ನೋಡಿದಳು. "ಇಷ್ಟು ವರ್ಷ ಇಲ್ದೇ ಇರೋ ಪ್ರೀತಿ ನನ್ನ ಹೂವಿನ ಮೇಲೆ ಇವತ್ತೆಲ್ಲಿಂದ ಉಕ್ಕಿತು?"

"ಒಂಟಿ ಆದ್ಮೇಲೆ ಹೂವೆಲ್ಲ ಕಣ್ಣಿಗೆ ಬೀಳತ್ತೆ ಕಣೆ."

"ನಿನ್ನ ಕಣ್ಣಿಗೆ ಬಿದ್ದಿರೋದು ಹೂವಲ್ಲ" ಎಂದಳು ಟ್ವೈಲಾ. ಪೈ ಇಸಿದುಕೊಂಡಳು. "ಯಾವ ಬಣ್ಣ?"

"ಕೆಂಪು."

"ನನ್ನ ಪೆಟೂನಿಯಾ ಗುಲಾಬಿ. ಕೆಂಪು ಒಪ್ಪಲ್ಲ. ನೀಲಿ ಹೊಡಿ. ಒಂದು ಗಿಡ ಸತ್ರೂ ನಿನ್ನನ್ನ ಅಲ್ಲೇ ನೆಡ್ತೀನಿ."

ವರ್ಲೀನ್ ಮೊಣಕಾಲೂರಿ ಪೆಟೂನಿಯಾ ಗಿಡಗಳನ್ನು ಬೇರುಸಹಿತ ಎತ್ತಿ ಬಟ್ಟೆ ಒಗೆಯುವ ತೊಟ್ಟಿಗೆ ಹಾಕಿದಳು. ಒಂದೊಂದರ ಬುಡದಲ್ಲೂ ಬೇರು ಜಡೆಯಂತೆ ತುಂಬಿತ್ತು. ಹೊಟ್ಟೆ ಉರಿಯಿತು. ಹೂವಿನ ಗಿಡದ ಬೇರು ನೋಡಿ ಹೊಟ್ಟೆ ಉರಿಸಿಕೊಂಡವಳು ಅಯೋವಾದಲ್ಲಿ ಅವಳೊಬ್ಬಳೇ ಇರಬೇಕು.

ಸೋಮವಾರ ಎಡೆಕುಂಟೆ ಕಟ್ಟಿಕೊಂಡು ಹೊಲಕ್ಕಿಳಿದಳು. ಆಮೆಯ ನಡಿಗೆಯಲ್ಲಿ ಬಿಟ್ಟಳು. ಕುಳಗಳು ಸಾಲಿನ ನಡುವೆ ಹೊಕ್ಕು, ಕೆಳಗಿನ ಕಪ್ಪು ತಂಪು ಮಣ್ಣನ್ನು ಎತ್ತಿ ಎರಡೂ ಬದಿಯ ಬುಡಕ್ಕೆ ಚೆಲ್ಲಿದವು. ಮಲಗಿದ ಗಿಡಗಳು ಕೆಲವು ಮುಚ್ಚಿಹೋದವು. ಅವಳು ಇಳಿದು, ಮಣ್ಣು ಸರಿಸಿ, ತಲೆ ಹೊರಗೆ ತೆಗೆದು, ಮತ್ತೆ ಹತ್ತುತ್ತಿದ್ದಳು. ಹೀಗೆ ಇಳಿದು ಹತ್ತಿ ಸೊಂಟ ಬಿದ್ದುಹೋಗುತ್ತಿರುವಾಗ ಹಾರ್ಲನ್ನನ ಪಿಕಪ್ ಬಂಡಿಗಳ ಸಂದಿಯಲ್ಲಿ ನುಗ್ಗಿ ಬಂದು ನಿಂತಿತು.

ಮುಗಿಯಿತು ಎಂದುಕೊಂಡಳು. ಎಂಜಿನ್ ಆರಿಸಿದಳು, ಸೀಟಿನಿಂದ ಇಳಿಯಲಿಲ್ಲ.

"ಟ್ವೈಲಾ ಹೇಳಿದ್ಲು, ನೀನು ಎಡೆಕುಂಟೆಗೆ ಬಣ್ಣ ಹೊಡೀತಿದೀಯ ಅಂತ" ಎಂದ ಹಾರ್ಲನ್.

"ಹೌದು. ಬಣ್ಣಕ್ಕೆ ಮುಂಚೆ ತುಕ್ಕು ಉಜ್ಜಬೇಡ್ವಾ? ಮಣ್ಣಿಗಿಂತ ಒಳ್ಳೆ ಉಜ್ಜೋ ಕಾಗದ ಯಾವುದಿದೆ?"

ಅವನು ನಗಲಿಲ್ಲ. ಮಲಗಿದ ಜೋಳ ಕಣ್ಣೆದುರೇ ಇತ್ತು. ಕುಣಿಯಬೇಕಿತ್ತು ಅವನು. ಕುಣಿಯಲಿಲ್ಲ. ಅವನ ಕಣ್ಣು ಎಡೆಕುಂಟೆ ಬಿಟ್ಟು ಕದಲಲಿಲ್ಲ.

"ಯಾವಾಗ ವಾಪಸ್ ಕೊಡ್ತೀಯ?"

"ಜುಲೈ ನಾಲ್ಕಕ್ಕೆ."

"ಅಷ್ಟು ತಡವಾ?"

"ಹೂವಿಗೇನಪ್ಪ ಅವಸರ?"

"ಹೂವಿಗಲ್ಲ, ಅದು..." ಎಂದವನು ಅಲ್ಲಿಗೇ ನುಂಗಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇವಳು ಕಳ್ಳ ಎನ್ನುವ ಮೊದಲೇ ಇವನು ಪಿಕಪ್ಪಿನ ಕಿಟಕಿಗೆ ಅಡ್ಡ ನಿಂತ.

ವರ್ಲೀನ್ ಇಳಿದಳು. ಅವನನ್ನು ಬಳಸಿಕೊಂಡು ಹೋಗಿ ಕಿಟಕಿಯೊಳಗೆ ಕೈ ಹಾಕಿದಳು. ಮುಂದಿನ ಸೀಟಿನ ಮೇಲೆ ಸಲಿಕೆ, ಅದರ ಪಕ್ಕದಲ್ಲಿ ಬಾಡಿದ ಒಂದು ಹಿಡಿ ಜೋಳದ ಸಸಿ. ಒಂದನ್ನು ಎತ್ತಿ ಬುಡ ನೋಡಿದಳು. ಅದೇ ದಾರದ ಬೇರು. ಅದೇ ಹಂದಿಮರಿಯ ಹಲ್ಲು.

"ಇದೆಲ್ಲೀದು?"

"ನಿನ್ನ ಹೊಲದ್ದೇ. ಈಗ ರಸ್ತೆ ಪಕ್ಕ ಕಿತ್ತೆ."

ಅವಳು ಬೇರಿಗಂಟಿದ್ದ ಬೀಜದ ಸಿಪ್ಪೆಯನ್ನು ಉಗುರಿನಿಂದ ಕೆರೆದಳು. "ನಾನು ಬಿತ್ತಿದ ಬೀಜದ ಔಷಧಿ ಬಣ್ಣ ಗುಲಾಬಿ. ಇದು ಹಸಿರು. ಹಸಿರು ಬೀಜ ತಗೊಂಡೋರು ಯಾರು ಹಾರ್ಲನ್?"

ಹಾರ್ಲನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಹಳ್ಳದ ಆಚೆಯ ಅವನ ಹೊಲ ರಸ್ತೆಗೆ ಕಾಣದು. ಬಂಡಿ ನಿಲ್ಲಿಸುವ ಕಷ್ಟವೂ ಅವನಿಗೆ ಇರಲಿಲ್ಲ.

"ಎಷ್ಟು ಬಿದ್ದಿದೆ?"

"ಎಲ್ಲಾ."

"ಮಣ್ಣು ನಾಲಗೆ ಚಾಚಿತ್ತು. ನೋಡಿದ್ಯಾ?"

"ನೋಡ್ದೆ. ನೀನು ಇಳಿದೆ ಅಂತ ನಾನೂ ಇಳಿದೆ."

"ನಾನು ಅವನ ಟೋಪಿಗೋಸ್ಕರ ಇಳಿದೆ."

"ನಾನೂ ಅದಕ್ಕೇ" ಎಂದ ಹಾರ್ಲನ್. ದನಿ ಸಣ್ಣದಾಯಿತು. "ಹುಟ್ಟಿದಾಗಿಂದ ಅವನ ಹಿಂದೇನೇ ಮುಗಿಸಿದೀನಿ ವರ್ಲೀನ್. ಈ ಸಲ ಅವನಿಲ್ಲ ಅಂದ್ಕೊಂಡೆ."

"ಅವನ ಹೆಂಡ್ತಿ ಇದ್ಲಲ್ಲ."

"ಹೂಂ. ನೀನಿದ್ದೆ."

ಇಬ್ಬರೂ ಸ್ವಲ್ಪ ಹೊತ್ತು ಮಲಗಿದ ಜೋಳ ನೋಡಿದರು. ಆಮೇಲೆ ವರ್ಲೀನ್ ಮೂಗು ಒರೆಸಿಕೊಂಡು ವ್ಯವಹಾರಕ್ಕೆ ಬಂದಳು.

"ನನ್ನದು ಮುಗಿದ ತಕ್ಷಣ ಎಡೆಕುಂಟೆ ನಿನಗೆ. ಕಾಫಿ ಮೇಜಿನಲ್ಲಿ ನಾನು ಬಾಯಿ ಬಿಡಲ್ಲ. ಟ್ವೈಲಾಗೂ ಹೇಳಲ್ಲ."

"ಜುಲೈ ನಾಲ್ಕರ ಮಾತು ಬಿಟ್ಟುಬಿಡೋಣ ಹಾಗಾದ್ರೆ."

"ಬಿಡೋದಲ್ಲ. ಹೊಸ ಮಾತು. ನನಗೆ ಬಿತ್ತೋಕೆ ಆಗೋ ತನಕ ಈ ಹೊಲ ನನ್ನ ಕೈಲಿ. ಸಾಕು ಅಂತ ನಾನೇ ಹೇಳ್ಬೇಕು. ನೀನು ಹೇಳೋ ಹಾಗಿಲ್ಲ."

"ಇದು ಸುಲಿಗೆ."

"ನೀಲಿ ಬಣ್ಣ ನನ್ನ ಲೆಕ್ಕದಲ್ಲೇ."

ಹಾರ್ಲನ್ ಹಳ್ಳದ ಕಡೆ ನೋಡಿದ. ಮೋಡವಿಲ್ಲದ ಆಕಾಶ ನೋಡಿದ. ಕೈ ಚಾಚಿದ. ಇಬ್ಬರ ಕೈಯಲ್ಲೂ ಮಣ್ಣಿತ್ತು.

"ಬೇಗ ಬೇಕಾದ್ರೆ ಹಿಂದೆ ನಡಿ" ಎಂದಳು ವರ್ಲೀನ್. "ಮುಚ್ಚಿದ ಗಿಡ ಬಿಡಿಸ್ತಾ ಬಾ."

ಅವಳು ಓಡಿಸಿದಳು. ಅವನು ಬಗ್ಗಿ ಬಗ್ಗಿ ಬಂದ. ಬೈಯುತ್ತಲೇ ಬಂದ. ಎರಡನೆಯ ಸುತ್ತಿಗೆ ರಸ್ತೆಯಲ್ಲಿ ಎಲ್‌ರಾಯ್‌ನ ಪಿಕಪ್ ಮತ್ತೆ ನಿಂತಿತು. ಬಂಡಿಗಳ ನಡುವೆ ಅವನ ತಲೆ ತೂರಿತು.

"ಏನ್ರಪ್ಪ ಮಾಡ್ತಿದೀರಾ ಇಬ್ರೂ?"

"ಟ್ವೈಲಾಳ ಎಡೆಕುಂಟೆ ತುಕ್ಕು ಬಿಡಿಸ್ತಿದೀವಿ" ಎಂದಳು ವರ್ಲೀನ್.

ಎಲ್‌ರಾಯ್ ಹಾರ್ಲನ್ನನನ್ನು ನೋಡಿದ. ಹಾರ್ಲನ್ ಮಣ್ಣಾದ ಮುಖವನ್ನು ಗಂಭೀರ ಮಾಡಿಕೊಂಡು, "ಬಹಳ ತುಕ್ಕು" ಎಂದ.

"ಆ ಕೆಂಪು ಬಂಡಿ..."

"ಇಲ್ಲ!" ಎಂದರು ಇಬ್ಬರೂ ಒಟ್ಟಿಗೆ.

ಎಡೆಕುಂಟೆ ಹಳ್ಳ ದಾಟಿ ಹೋಗಿ ಬಂದ ಮೇಲೆ ಒಂದು ಹದ ಮಳೆ ಬಿತ್ತು. ದೊಡ್ಡದೇನಲ್ಲ. ಏರಿಸಿದ ಮಣ್ಣು ನೆನೆಯುವಷ್ಟು. ವಾರ ಕಳೆದು ಅವಳು ಬುಡ ಕೆದಕಿದಾಗ ಮೊಂಡು ಹಲ್ಲುಗಳ ಮೇಲೆ ಹೊಸ ಸುತ್ತು ಬೇರು ಹೊರಟಿತ್ತು. ಬೆಳ್ಳಗೆ, ದಪ್ಪಗೆ, ಕೋಳಿ ಕಾಲಿನ ಬೆರಳಿನ ಹಾಗೆ ಹರಡಿ ನೆಲ ಹಿಡಿದಿತ್ತು. ಗಿಡಗಳು ಬಿದ್ದಲ್ಲಿಂದಲೇ ತಲೆ ಎತ್ತಿ ಮೇಲಕ್ಕೆ ತಿರುಗಿದವು. ಬುಡದಲ್ಲಿ ಬಾತುಕೋಳಿಯ ಕತ್ತಿನಂಥ ಡೊಂಕು ಮಾತ್ರ ಉಳಿಯಿತು. ತಗ್ಗಿನ ಒಂದು ತುಂಡು ಏಳಲೇ ಇಲ್ಲ. ಅಲ್ಲಿ ಅವಳು ಕುಂಬಳ ಹಾಕಿದಳು. ಯಾರಾದರೂ ಕೇಳಿದರೆ, "ಮೊದಲಿಂದ ಅದೇ ಆಸೆ ಇತ್ತು" ಎನ್ನುತ್ತಿದ್ದಳು.

ಜುಲೈ ನಾಲ್ಕಕ್ಕೆ ಜೋಳ ಸೊಂಟ ದಾಟಿತ್ತು. ಬಂಡಿಗಳು ಕೊಟ್ಟಿಗೆ ಸೇರಿದ್ದವು. ನೀಲಿ ಬಣ್ಣದ ಎಡೆಕುಂಟೆ ಪೆಟೂನಿಯಾ ನಡುವೆ ಕೂತಿತ್ತು. ಹಬ್ಬದ ಊಟಕ್ಕೆ ಬಂದವರೆಲ್ಲ ಹೊಗಳಿದರು. ಟ್ವೈಲಾ ಬಗ್ಗಿ ಕುಳಗಳನ್ನು ನೋಡಿದಳು. ಬಣ್ಣ ಅವುಗಳಿಗೆ ತಾಗಿರಲಿಲ್ಲ. ಕನ್ನಡಿಯಂತೆ ಹೊಳೆಯುತ್ತಿದ್ದವು. ಗುಲಾಬಿ ಹೂವು ಅದರಲ್ಲಿ ಕಾಣುತ್ತಿತ್ತು. ಎಕರೆಗಟ್ಟಲೆ ನೆಲದಲ್ಲಿ ಓಡಾಡದೆ ಉಕ್ಕಿಗೆ ಅಂಥ ಹೊಳಪು ಬರುವುದಿಲ್ಲ. ಅವಳೂ ರೈತನ ಮಗಳೇ.

"ಈ ಹೊಳಪು ಯಾವ ಅಂಗಡೀದು ವರ್ಲೀನ್?"

"ಊರಲ್ಲೇ ಸಿಗತ್ತೆ."

"ನನ್ನ ಗಂಡನೂ ಅದೇ ಅಂಗಡಿಗೆ ಹೋಗಿದ್ನಾ?"

ಹಾರ್ಲನ್ ತಟ್ಟೆಯೊಳಗೆ ಮುಖ ಹುದುಗಿಸಿ ಪೈ ತಿನ್ನತೊಡಗಿದ. ಟ್ವೈಲಾ ಇಬ್ಬರನ್ನೂ ಒಮ್ಮೆ ನೋಡಿ, "ಮುಂದಿನ ಸಲ ಪೈಗೆ ಸಕ್ಕರೆ ಜಾಸ್ತಿ ಹಾಕು. ಲಂಚ ಸಪ್ಪೆ ಇರಬಾರದು" ಎಂದಳು.

ಮರು ವಸಂತ ಬಂತು. ಮತ್ತೆ ಮಳೆ, ಮತ್ತೆ ಒಂದು ಬಿಸಿಲು. ವರ್ಲೀನ್ ಹೊಲಕ್ಕಿಳಿದು ಮುಷ್ಟಿ ಮಣ್ಣು ಹಿಂಡಿ ಒತ್ತಿದಳು. ನಾಲಗೆ ಬಂತು. ಈ ಸಲ ತುಳಿಯಲಿಲ್ಲ, ಮೆಲ್ಲಗೆ ಕೆಳಗಿಟ್ಟಳು. ಈ ವರ್ಷ ಗೋದಾಮಿನ ಗೋಡೆಯಿಂದ ಗೇಲನ್ನನ ಟೋಪಿ ಇಳಿಯುತ್ತದೆ. ಇಳಿಯಲಿ. ಅಡುಗೆಮನೆಯ ಬಾಗಿಲ ಪಕ್ಕ ಅವಳು ಒಂದು ಮೊಳೆ ಹೊಡೆದಿಟ್ಟಿದ್ದಳು.

ಮನೆಗೆ ತಿರುಗುವಾಗ ಏನೋ ಹೊಳೆಯಿತು. ಅಂಗಳದಲ್ಲಿದ್ದ ಟ್ರ್ಯಾಕ್ಟರ್ ಹತ್ತಿ ಎಂಜಿನ್ ಹಚ್ಚಿದಳು. ಗುಡುಗುಟ್ಟಿತು. ಕಿವಿಗೊಟ್ಟು ಕೂತಳು. ಹಳ್ಳದ ಆಚೆ ಬಾಗಿಲು ಬಡಿದ ಸದ್ದು. ಆಮೇಲೆ ಅಲ್ಲೂ ಒಂದು ಎಂಜಿನ್ ಗುಡುಗುಟ್ಟಿತು. ಇವಳು ತಟ್ಟನೆ ಆರಿಸಿ ಒಳಗೆ ಹೋಗಿ ಕಾಫಿಗಿಟ್ಟಳು. ಸ್ವಲ್ಪ ಹೊತ್ತಿಗೆ ಅದೂ ಆರಿತು. ಫೋನ್ ಹೊಡೆದುಕೊಂಡಿತು.

"ಹೊರಟ್ಯಾ?" ಎಂದ ಹಾರ್ಲನ್, ಏದುಸಿರು ಬಿಡುತ್ತ.

"ಇಲ್ಲಪ್ಪ. ಬ್ಯಾಟರಿ ಸರಿ ಇದೆಯಾ ಅಂತ ನೋಡ್ದೆ. ನೀನು?"

"ನಾನೂ ಬ್ಯಾಟರಿ ನೋಡ್ತಿದ್ದೆ."

"ಮಣ್ಣು ಹಿಂಡಿ ನೋಡಿದ್ಯಾ?"

"ಉದ್ದ ಬರ್ತಿದೆ" ಎಂದ.

"ಹಾಗಾದ್ರೆ ಮನೆಗೆ ಹೋಗಿ ಕಾಫಿ ಕುಡಿ."

ಫೋನ್ ಇಟ್ಟು ಅವಳೂ ಕಾಫಿ ಕುಡಿದಳು. ಲೋಟ ತೊಳೆದು ಬೋರಲು ಹಾಕಿದಳು. ಹೊರಗೆ ಬಂದು, ಮತ್ತೆ ಟ್ರ್ಯಾಕ್ಟರ್ ಹತ್ತಿ ಎಂಜಿನ್ ಹಚ್ಚಿ, ಹಳ್ಳದ ಆಚೆಗೆ ಕಿವಿಗೊಟ್ಟು ಕೂತಳು.